ತಗಡಿನ ಕೆಳಗಿನ ಬಾಣಂತನ

ಮೊಮ್ಮಕ್ಕಳೇ, ಬೇಸಿಗೆಯಲ್ಲಿ ಬಂದಾಗಲೆಲ್ಲ ನೀವು ಜಗಳಾಡಿ ಹಿಡಿಯುವ ಆ ತಂಪು ಕೋಣೆ ನನಗೆ ಯಾರೂ ಕೊಟ್ಟದ್ದಲ್ಲ. ನಾನೇ ಕಿತ್ತುಕೊಂಡದ್ದು. ಬಾಯಿಂದ ಹೇಳಲು ಈಗಲೂ ನಾಚಿಕೆ, ಅದಕ್ಕೆ ಬರೆಯುತ್ತಿದ್ದೇನೆ.

ಅದು ನಿಜಾಮರ ಕಾಲ. ಯಲಬುರ್ಗಾ ಕಡೆಯ ನಮ್ಮೂರಿನಲ್ಲಿ ಈ ಮನೆ ಆಗಷ್ಟೇ ಕಟ್ಟಿ ಮುಗಿದಿತ್ತು. ಹಳೆಯ ಮನೆಯ ತೊಲೆ, ಜಂತಿಗಳನ್ನೇ ಬಿಚ್ಚಿ ತಂದು ಮೇಲೆ ದಪ್ಪಗೆ ಮಣ್ಣು ಹೊದಿಸಿ ತಂಪಾದ ಮಾಳಿಗೆ ಹಾಕಿದ್ದರು. ಕೊನೆಯ ಕೋಣೆಗೆ ಜಂತಿ ಸಾಲದೆ ಕೊಪ್ಪಳದಿಂದ ಬಂಡಿಯಲ್ಲಿ ತಗಡು ತರಿಸಿದರು. ಊರಿಗೇ ಮೊದಲ ತಗಡು. ನೋಡಲು ಜನ ಬಂದರು. ನನ್ನ ನೆಗೆಣ್ಣಿ, ಎಂದರೆ ನಿಮ್ಮ ಅಜ್ಜನ ಅಣ್ಣನ ಹೆಂಡತಿ, ಮಾಳಿಗೆಯ ಕೋಣೆಯನ್ನು ತಾನಿಟ್ಟುಕೊಂಡು ತಗಡಿನದನ್ನು ನನಗೆ ತೋರಿಸಿದಳು.

"ಹೊಸಾ ತಗಡು ನಿನಗ ಬಿಟ್ಟೀನಿ ನೋಡವಾ. ಬೆಚ್ಚಗಿರತೈತಿ. ಕೂಸಿನ ಮೈಗೆ ಛಲೋ."

ಕೂಸು ಎಂದರೆ ನಿಮ್ಮ ಅಪ್ಪ. ಚೈತ್ರ ಕಳೆಯುವಷ್ಟರಲ್ಲಿ ಆ ಕೋಣೆ ರೊಟ್ಟಿಯ ಹಂಚಾಯಿತು. ಕೂಸಿನ ಬೆನ್ನೆಲ್ಲ ಬೆವರುಗುಳ್ಳೆ ಎದ್ದು ಕೀವು ಕಟ್ಟಿತು. ಒದ್ದೆ ಸೀರೆಯ ತುಂಡು ಹೊದಿಸಿದರೆ ತೊಟ್ಟಿಲಲ್ಲೇ ಒಣಗುತ್ತಿತ್ತು. ನಡುವೆ ಒಂದೇ ಗೋಡೆ. ಆಚೆ ಅವಳು ಸಾರಿಸಿದ ನೆಲದ ಮೇಲೆ ಸೆರಗು ಹಾಸಿ ಮಲಗುತ್ತಿದ್ದಳು. ಮಧ್ಯಾಹ್ನವಾದರೂ ಕೂಸನ್ನು ಅಲ್ಲಿ ಮಲಗಿಸಲೇ ಎಂದು ಕೇಳಿದೆ. ಅಳು ಕೇಳಿದರೆ ತನಗೆ ನಿದ್ದೆ ಹತ್ತುವುದಿಲ್ಲ ಎಂದಳು. ತಗಡಿನ ಮೇಲೆ ಜೋಳದ ದಂಟು ಹೊದಿಸಿರೆಂದು ಅತ್ತೆಯ ಮೂಲಕ ಹೇಳಿಸಿದೆ. ಕಿಡಿ ಬಿದ್ದು ದಂಟು ಹತ್ತಿಕೊಂಡೀತು ಎಂದರು ಭಾವ, ಅವಳ ಗಂಡ. ನಾನು ಅದನ್ನು ಮರೆಯಲಿಲ್ಲ.

ಮರುವರ್ಷ ಅದೇ ಬಿಸಿಲಿನಲ್ಲಿ ಅವಳು ಹೆತ್ತಳು. ತವರಿನಲ್ಲಿ ತಾಯಿ ಇರಲಿಲ್ಲ, ಬಾಣಂತನ ನಮ್ಮಲ್ಲೇ. ಬಾಣಂತಿಗೆ ಗಾಳಿ ತಗಲಬಾರದು, ಅವಳು ಮಲಗುವ ಹಗ್ಗದ ಹೊರಸಿನ ಕೆಳಗೆ ಕೆಂಡ ಇಡಬೇಕು, ಅದು ನಮ್ಮ ಪದ್ಧತಿ. ಹೊರಸು ಎಲ್ಲಿ ಹಾಕುವುದೆಂದು ಹಿರಿಯ ಹೆಂಗಸರು ಪಡಸಾಲೆಯಲ್ಲಿ ಮಾತಾಡುತ್ತಿದ್ದರು. ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು ಬಾಗಿಲ ಮರೆಯಿಂದ ಹೇಳಿದೆ:

"ಅತ್ತಿ, ಮಾಳಿಗಿ ಖೋಲಿ ಥಂಡಿ ಐತ್ರಿ, ಬಾಣಂತಿಗೆ ಸನ್ನಿ ಆದೀತು. ತಗಡಿಂದು ಬೆಚ್ಚಗಿರತೈತಿ, ಮೈಗೆ ಛಲೋ ಅಂತ ಅಕ್ಕಾರ ಹೇಳ್ಯಾರ್ರಿ."

ಅತ್ತೆ ಮೆಚ್ಚಿ ತಲೆದೂಗಿದರು. ಅವಳು ನನ್ನನ್ನು ನೋಡಿದ ನೋಟ ಇವತ್ತಿಗೂ ನನಗೆ ಹಬ್ಬದೂಟ. ನಾವು ಗಂಟು ಎತ್ತಿಕೊಂಡು ಮಾಳಿಗೆಯ ಕೋಣೆಗೆ ಹೋದೆವು. ಅವಳಿಗೆ ಮೇಲೆ ತಗಡು, ಕೆಳಗೆ ಕೆಂಡ, ತಲೆಗೆ ಬಿಗಿದ ಬಟ್ಟೆ. ಕೆಂಡ ತುಂಬುತ್ತಿದ್ದವಳು ನಾನೇ, ಒಂದಿಷ್ಟೂ ಕಡಿಮೆ ಮಾಡದೆ. ಅವಳ ಕೂಸನ್ನು ಮಾತ್ರ ಹಾಲು ಕುಡಿದ ಕೂಡಲೇ ಎತ್ತಿ ತಂದು ನಿಮ್ಮ ಅಪ್ಪನ ಪಕ್ಕದಲ್ಲಿ ಮಲಗಿಸುತ್ತಿದ್ದೆ. "ಸುಟ್ಟು ಹೋಗಾಕತ್ತೀನಿ ತಂಗಿ" ಎಂದು ಅವಳು ಗೋಡೆಯಾಚೆಯಿಂದ ಅಂದರೆ, ಕೂಸುಗಳಿಗೆ ನಿದ್ದೆ ಹತ್ತಿದೆ, ಮಾತಾಡಬೇಡಿ ಎನ್ನುತ್ತಿದ್ದೆ.

ವಾರ ತುಂಬುವ ಮೊದಲೇ ಭಾವ ತಗಡಿನ ಮೇಲೆ ದಂಟು ಹೊದಿಸಿದರು. ಆಗ ಕಿಡಿಯ ಮಾತೇ ಬರಲಿಲ್ಲ. ಅದನ್ನು ಕಂಡ ಮೇಲೆ ನನ್ನಲ್ಲಿ ಉಳಿದಿದ್ದ ಚೂರು ಕನಿಕರವೂ ಆರಿತು. ಬಾಣಂತನ ಮುಗಿದು ಅವಳು ಕೋಣೆ ಕೇಳಿದಾಗ, "ದಂಟು ಹೊದಿಸ್ಯಾರಲ್ಲ ಅಕ್ಕಾ, ಈಗ ಅದೂ ಛಲೋ ಐತಿ" ಎಂದೆ. ಕದಲಲಿಲ್ಲ.

ಈ ಹಾಳೆಗಳನ್ನು ಮಾಳಿಗೆಯ ಕೋಣೆಯ ಗೋಡೆಗೂಡಿನಲ್ಲಿ ಬೇವಿನೆಲೆ ಹಾಕಿ ಜೋಪಾನವಾಗಿಡಿ. ಅವಳ ಮೊಮ್ಮಕ್ಕಳು ಆ ಕೋಣೆ ತಮ್ಮದೆಂದು ಬಂದರೆ ಓದಿಸಿ, ಮತ್ತೆ ಅಲ್ಲೇ ಇಡಿ. ತಗಡಿನ ಕೆಳಗೆ ಮಾತ್ರ ಇಡಬೇಡಿ.