ಸುಣ್ಣ ಬಳಿದ ವೀರಗಲ್ಲು

ನೇರವಾಗಿ ಹೇಳಿಬಿಡುತ್ತೇನೆ: ನಮ್ಮ ತೋಟದ ಕಲ್ಲು ಇತಿಹಾಸದ ಪತ್ರಿಕೆಯಲ್ಲಿ ಬಂದಿದೆ. ಅರ್ಧ ಪುಟ, ಬಣ್ಣದ ಚಿತ್ರ. ಈ ವಾರ ನನ್ನ ಕೈಗೆ ಸಿಕ್ಕವರೆಲ್ಲ ಅದನ್ನು ನೋಡಲೇಬೇಕಾಯಿತು, ಗ್ಯಾಸ್ ಸಿಲಿಂಡರ್ ತಂದವರೂ ಸೇರಿ.

ದೇಶದ ಹಳೆಯ ಸಂಗತಿಗಳನ್ನೇ ಬರೆಯುವ ಆ ಮಾಸಪತ್ರಿಕೆಯನ್ನು ಯಲಹಂಕದ ಅಂಗಡಿಯೊಂದರಿಂದ ಎಷ್ಟೋ ವರ್ಷಗಳಿಂದ ತರುತ್ತಿದ್ದೇನೆ. ಕೋಟೆ, ರಾಣಿ, ಯುದ್ಧ ಎಲ್ಲ ಇರುತ್ತದೆ. ಕೊನೆಯ ಪುಟಗಳಲ್ಲಿ ಓದುಗರ ಊರಿನ ಕಲ್ಲು, ಬಾವಿ, ಗುಡಿಗಳಿಗೂ ಜಾಗ. ಅಲ್ಲಿಗೆ ಬಂದಾಗಲೆಲ್ಲ ನನಗೆ ಹೊಟ್ಟೆಯುರಿ. ಚಿಕ್ಕಜಾಲದ ಹತ್ತಿರದ ನಮ್ಮ ಊರನ್ನು ಏರ್‌ಪೋರ್ಟಿಗೆ ಓಡುವವರು ಕಾರಿನ ಕಿಟಕಿಯಿಂದಲೂ ನೋಡುವುದಿಲ್ಲ.

ಆದರೆ ನಮ್ಮಲ್ಲೂ ಒಂದು ವೀರಗಲ್ಲಿದೆ. ಹುಣಸೆಮರದ ಕೆಳಗೆ, ಸೊಂಟದೆತ್ತರಕ್ಕೆ. ಕತ್ತಿ ಹಿಡಿದ ಒಬ್ಬ, ಹಿಂದೆ ಎರಡು ಹಸು, ಮೇಲೆ ಸವೆದ ನಾಲ್ಕು ಸಾಲು ಅಕ್ಷರ. ಅಮ್ಮ ಮದುವೆಯಾಗಿ ಬಂದಂದಿನಿಂದ ಪ್ರತಿ ಸೋಮವಾರ ಅದಕ್ಕೆ ಅರಿಶಿನ ಹಚ್ಚುತ್ತಾಳೆ. ಈಗ ನನ್ನ ತಮ್ಮ ಆ ತೋಟವನ್ನು ಲೇಔಟ್ ಮಾಡುತ್ತಿದ್ದಾನೆ. ನಕ್ಷೆಯಲ್ಲಿ ಸರಿಯಾಗಿ ಕಲ್ಲಿನ ಮೇಲೆಯೇ ರಸ್ತೆ ಬಂತು.

"ಮೂಲೆಗಿಡ್ಸ್ತೀನಿ ಬಿಡಮ್ಮ, ಕ್ರೇನಲ್ಲಿ ಎರಡು ನಿಮಿಷದ್ ಕೆಲ್ಸ."

"ನಿನ್ನನ್ನೇ ಎತ್ತಿ ಮೂಲೆಗಿಡ್ತೀನಿ, ಎಂಗಿರ್ತದೆ? ಅವ್ನು ಅಲ್ಲೇ ಸತ್ತವ್ನೆ, ಅಲ್ಲೇ ಇರ್ಲಿ."

ನಾನು ಪತ್ರಿಕೆಗೆ ಬರೆದೆ. ಭಾನುವಾರ ಒಬ್ಬರು ಬರುತ್ತಾರೆ, ಅಕ್ಷರ ಓದುವಂತಿದ್ದರೆ ಹಾಕುತ್ತೇವೆ ಎಂದು ಉತ್ತರ ಬಂತು. ತಮ್ಮನೂ ಒಂದು ಷರತ್ತು ಹಾಕಿದ: "ಅವ್ರು ಹಾಕಿದ್ರೆ ರಸ್ತೆ ತಿರುಗಿಸ್ತೀನಿ ಅಕ್ಕಾ. ಇಲ್ಲಾಂದ್ರೆ ನೀವಿಬ್ರೂ ಬಾಯ್ ಮುಚ್ಕೋಬೇಕು."

ಭಾನುವಾರ ಬೆಳಿಗ್ಗೆ ತೋಟಕ್ಕೆ ಹೋಗಿ ನೋಡುತ್ತೇನೆ: ಕಲ್ಲು ಕೊಕ್ಕರೆಯಷ್ಟು ಬಿಳಿ! ಮೇಲಿಂದ ಕೆಳಗಿನವರೆಗೂ ದಪ್ಪ ಸುಣ್ಣ, ಅಂಚಿಗೆ ಕೆಮ್ಮಣ್ಣಿನ ಪಟ್ಟೆ. ಪಕ್ಕದ ಹುಣಸೆಮರಕ್ಕೂ ಅದೇ ಅಲಂಕಾರ. ಅಮ್ಮ ಬ್ರಷ್ ಹಿಡಿದು ಮೆಚ್ಚುಗೆಗೆ ಕಾಯುತ್ತಾ ನಿಂತಿದ್ದಳು.

"ಏನಮ್ಮ ಇದು!"

"ಮನೆಗೆ ನೆಂಟ್ರು ಬತ್ತಾರೆ ಅಂದ್ರೆ ಸುಣ್ಣ ಒಡೀದೆ ಇಂಗೇ ಬಿಡ್ತಾರೇನೇ? ಪಟ ಬೇರೆ ತೆಗೀತಾರಂತೆ."

ತಪ್ಪೆನ್ನುವುದು ಹೇಗೆ? ಹಬ್ಬವಿರಲಿ, ಮದುವೆಯಿರಲಿ, ನಮ್ಮ ಕಡೆ ಮೊದಲು ಸುಣ್ಣ, ಆಮೇಲೆ ಮಿಕ್ಕಿದ್ದು. ಹಿಂದೆಯೇ ಬಂದ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಮುಗೀತು ಅಕ್ಕಾ! ಒಂದಕ್ಷರ ಕಾಣಲ್ಲ. ಅಮ್ಮಾನೇ ಕೇಸ್ ಕ್ಲೋಸ್ ಮಾಡ್ಬಿಟ್ಳು!"

ಆಗ ಅಮ್ಮನಿಗೆ ತಾನು ಮಾಡಿದ್ದೇನೆಂದು ತಿಳಿಯಿತು. ಬ್ರಷ್ ಬಕೆಟ್ಟಿಗೆ ಹಾಕಿ ನೆಲದ ಮೇಲೆ ಕೂತುಬಿಟ್ಟಳು.

ಪತ್ರಿಕೆಯವರು ಸ್ಕೂಟರಿನಲ್ಲಿ ಬಂದರು. ತೆಳ್ಳನೆಯ ಮನುಷ್ಯ, ನರೆತ ಗಡ್ಡ. ನಾನು ಕ್ಷಮೆ ಕೇಳುತ್ತಿದ್ದರೆ ಅವರು ಕಲ್ಲಿಗೆ ಬೆರಳು ತಾಗಿಸಿ ನೋಡುತ್ತಿದ್ದರು.

"ಯಾವಾಗ ಬಳಿದಿದ್ದು?"

"ಈಗ್ತಾನೆ ಸಾಮಿ. ಇನ್ನೂ ಅಸಿ ಐತೆ."

"ಒಳ್ಳೇದಾಯ್ತು. ತೆಂಗಿನ ನಾರು ತನ್ನಿ. ಸ್ವಲ್ಪ ನೀರು ಮುಟ್ಟಿಸ್ಕೊಂಡು ಮೇಲ್ಮೇಲೆ ಉಜ್ಜಿ, ಒತ್ತಬೇಡಿ."

ಅಮ್ಮ ಮಗುವಿನ ಬೆನ್ನುಜ್ಜುವಂತೆ ಉಜ್ಜಿದಳು. ಕಲ್ಲಿನ ಮೈಮೇಲಿನ ಸುಣ್ಣ ಹೋಯಿತು, ಅಕ್ಷರಗಳ ಗೆರೆಯೊಳಗಿನದು ಉಳಿಯಿತು. ಕಪ್ಪು ಕಲ್ಲಿನ ಮೇಲೆ ಒಂದೊಂದೇ ಬಿಳಿ ಅಕ್ಷರ ಎದ್ದಿತು. ಕೆಳಗೆ ನಾನು ಬಿರುಕು ಎಂದುಕೊಂಡಿದ್ದದ್ದು ಐದನೆಯ ಸಾಲು!

"ನಾವು ಓದೋಕೆ ಹಿಟ್ಟು ಸವರ್ತೀವಮ್ಮ, ನೀವು ಸುಣ್ಣ ಸವರಿದೀರ," ಎಂದು ಅವರು ನಕ್ಕರು. "ಇನ್ಮೇಲೆ ಮಾತ್ರ ಬೇಡ, ಕಲ್ಲಿಗೆ ಒಳ್ಳೇದಲ್ಲ."

ಬೆರಳಿಟ್ಟು ನಿಧಾನವಾಗಿ ಓದಿ ಅರ್ಥ ಹೇಳಿದರು. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಬಿಡಿಸಿ ತಂದು ಸತ್ತವನು ಇವನು. ಕಲ್ಲು ನಿಲ್ಲಿಸಿದವಳು ಅವನ ತಾಯಿ.

"ಅವ್ರಮ್ಮಾನೇ ನಿಲ್ಸಿದ್ದಾ?" ಎಂದಳು ಅಮ್ಮ. ಆಮೇಲೆ ತಿರುಗಿ ತಮ್ಮನನ್ನು ನೋಡಿದಳು.

"ಆಯ್ತು ಕಣಮ್ಮ, ಅಂಗ್ ನೋಡ್ಬೇಡ. ರಸ್ತೇನೇ ತಿರುಗಿಸ್ತೀನಿ," ಎಂದ. ಪತ್ರಿಕೆ ಅಚ್ಚಾಗುವವರೆಗೂ ಕಾಯಲಿಲ್ಲ. ಈಗ ಸೈಟು ನೋಡಲು ಬಂದವರಿಗೆ ಮೊದಲು ಕಲ್ಲು ತೋರಿಸುವವನೂ ಅವನೇ.

ಪತ್ರಿಕೆ ಬಂದ ದಿನ ಅಮ್ಮನಿಗೆ ಪುಟ ಬಿಡಿಸಿ ತೋರಿಸಿದೆ. ಚಿತ್ರದ ಅಂಚಿನಲ್ಲಿ ನಾರು ಹಿಡಿದ ಅವಳ ಕೈ ಬಿದ್ದಿದೆ, ಬಳೆ ಸಮೇತ.

"ನನ್ ಮುಖ ಎಲ್ಲೇ?"

"ಕೈ ಬಂದಿದೆಯಲ್ಲಮ್ಮ."

"ಸಾಕ್ ಬಿಡು. ಬಳ್ದಿದ್ದೂ ಅದೇ, ಉಜ್ಜಿದ್ದೂ ಅದೇ."