ಡಬ್ಬಿ ಸಮೇತ ತನ್ನಿ

ಬೀದಿ ದೀಪ ಇನ್ನೂ ಆರಿಲ್ಲ. ಹಳೇ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕಾದ ಗೂಡಿನಂಥ ರಿಪೇರಿ ಅಂಗಡಿಯಲ್ಲಿ, ರೇಡಿಯೊ ಅಕ್ಕ ಮೇಜು ಒರೆಸುತ್ತಿದ್ದಾರೆ. ಇಷ್ಟು ಹೊತ್ತಿಗೆಲ್ಲ ಸಾಮಾನ್ಯವಾಗಿ ಗಿರಾಕಿಗಳು ಬರುವುದಿಲ್ಲ. ಅಕ್ಕ ಕಾಯುತ್ತಿರುವುದು ಬಿಸಿಲಿಗೆ. ಎದುರಿನ ಎರಡು ಕಟ್ಟಡಗಳ ಸಂದಿಯಿಂದ ನುಸುಳುವ ಒಂದು ಪಟ್ಟಿ ಬಿಸಿಲು ಈ ಮೇಜಿನ ಮೇಲೆ ಬೆಳಿಗ್ಗೆ ಸ್ವಲ್ಪ ಹೊತ್ತು ಕೂತು ಎದ್ದುಹೋಗುತ್ತದೆ. ಅಷ್ಟರೊಳಗೆ ಕಣ್ಣಿನ ಕೆಲಸವೆಲ್ಲ ಮುಗಿಯಬೇಕು.

"ಕೂದಲೆಳೆಯಷ್ಟು ಬೆಸುಗೆ ಹರಿದು ಪಕ್ಕದ ಗೆರೆಗೆ ತಾಗಿದ್ರೂ ಶಾರ್ಟ್ ಆಗುತ್ತೆ. ಬಲ್ಬಿನ ಬೆಳಕಲ್ಲಿ ಎಲ್ಲಾ ಹೊಳೀತಾವೆ, ಏನೂ ಗೊತ್ತಾಗಲ್ಲ. ಬಿಸಿಲಿಗೆ ಓರೆಯಾಗಿ ಹಿಡಿದ್ರೆ ಕಳ್ಳ ಸಿಕ್ಕಿಬೀಳ್ತಾನೆ" ಎನ್ನುತ್ತಾರೆ ಅಕ್ಕ.

ಇವತ್ತು ಮೇಜಿನ ಮೇಲಿರುವುದು ಅಂಗೈಯಗಲದ ಒಂದು ಸರ್ಕ್ಯೂಟ್ ಬೋರ್ಡು. ಹೆಡ್‌ಫೋನಿಗೆ ಹೆಚ್ಚು ಸದ್ದು ಕೊಡುವ ಆಂಪ್ಲಿಫೈಯರ್. ಕಂಪನಿಯ ಮಾಲಲ್ಲ, ಮನೆಯಲ್ಲೇ ಕೂತು ಜೋಡಿಸಿದ್ದು. ಜೋಡಿಸಿದವರು ಹೊರಗೆ ಮೆಟ್ಟಿಲ ಮೇಲೆ ಪೆಚ್ಚುಮೋರೆ ಹಾಕಿಕೊಂಡು ಕೂತಿದ್ದಾರೆ. ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತರಾದ ಡ್ರೈವರಣ್ಣ. ಬೋರ್ಡನ್ನು ಟವೆಲಿನಲ್ಲಿ ಹಸುಗೂಸಿನಂತೆ ಸುತ್ತಿಕೊಂಡು ಅವರು ಬರುತ್ತಿರುವುದು ಇದು ಮೂರನೇ ಸಲ.

ಕಥೆ ಅವರ ಹೆಂಡತಿಯದು. ನೇಯ್ಗೆ ಮಿಲ್ಲಿನ ಮಗ್ಗಗಳ ನಡುವೆ ದುಡಿದು ದುಡಿದು ಆಕೆಯ ಕಿವಿ ಮಂದವಾಗಿದೆ. ಈಗ ಮನೆಯಲ್ಲೇ ಕೂತು ದರ್ಜಿಯೊಬ್ಬರ ಅಂಗಡಿಗೆ ಅಂಗಿಗಳ ಗುಂಡಿ ಹೊಲಿದುಕೊಡುತ್ತಾರೆ. ಗುಂಡಿ ಹೊಲಿಯುವಾಗ ರೇಡಿಯೊ ಹಾಡು ಬೇಕೇ ಬೇಕು. ಆದರೆ ಆಕೆಗೆ ಕೇಳುವಷ್ಟು ಜೋರಾಗಿಟ್ಟರೆ ಪಕ್ಕದ ಮನೆಯವರು ಗೋಡೆ ಗುದ್ದುತ್ತಾರೆ. ಒಂದು ದಿನ ಆಕೆ ಸದ್ದಿಲ್ಲದೆ ರೇಡಿಯೊ ಆರಿಸಿ, ಮೇಲೊಂದು ಬಟ್ಟೆ ಹೊದಿಸಿಬಿಟ್ಟರು. ಆ ಬಟ್ಟೆ ತೆಗೆಸಲೇಬೇಕೆಂದು ಡ್ರೈವರಣ್ಣ ಹಟ ಹಿಡಿದರು. ಬೆಸುಗೆ ಹಾಕುವುದನ್ನು ಅವರು ಕಲಿತಿದ್ದೇ ಅದಕ್ಕೆ.

"ಮೇಜಿನ ಮೇಲೆ ಜೋರಾಗಿ ಹಾಡ್ತಿತ್ತಕ್ಕಾ. ಡಬ್ಬಿಗೆ ಕೂರಿಸಿ ಇವಳ ತಲೆಗೆ ಹೆಡ್‌ಫೋನ್ ಹಾಕಿದ್ನೋ ಇಲ್ವೋ, ಜಪ್ಪಯ್ಯ ಅಂದ್ರೂ ಸದ್ದಿಲ್ಲ. ಒಳಗೆ ಬಿಸಿ ವಾಸನೆ ಬಂತು, ತಕ್ಷಣ ಪ್ಲಗ್ ಕಿತ್ತೆ. 'ಬಿಡಿ, ನನ್ನ ಕಿವಿಗೆ ಇಷ್ಟೇ ಬರೆದಿರೋದು' ಅಂದ್ಬಿಟ್ಲು" ಎನ್ನುತ್ತಾರೆ ಡ್ರೈವರಣ್ಣ. ಆಮೇಲೂ ಎರಡು ಸಲ ಇದೇ ಆಟವಾಗಿದೆ. ಇನ್ನೊಮ್ಮೆ ಕೈಕೊಟ್ಟರೆ ಆಕೆ ಹೆಡ್‌ಫೋನ್ ಮುಟ್ಟುವುದೂ ಇಲ್ಲ.

ರೇಡಿಯೊ ಅಕ್ಕನಿಗೂ ಇದು ಬರೀ ಗಿರಾಕಿಯ ಕೆಲಸವಾಗಿ ಉಳಿದಿಲ್ಲ. ಈ ಅಂಗಡಿ ಮೊದಲು ಅವರಣ್ಣನದು. ಊಟ ಕೊಡಲು ಬರುತ್ತಿದ್ದ ತಂಗಿ, ಅಣ್ಣ ತಿಂದು ಮುಗಿಸುವವರೆಗೆ ಅವನು ಹೇಳಿದಂತೆ ತಂತಿ ಜೋಡಿಸುತ್ತಿದ್ದಳು. ಅಣ್ಣನ ಕೈ ನಡುಗಲು ಶುರುವಾದ ಮೇಲೆ ತಂಗಿಯ ಕೈಯೇ ಅಂಗಡಿಯ ಕೈಯಾಯಿತು. ಅಣ್ಣ ಮನೆ ಹಿಡಿದು ಎಷ್ಟೋ ವರ್ಷವಾಗಿದೆ. ಆದರೂ ಇವತ್ತಿಗೂ ಗಿರಾಕಿಗಳು ಒಳಗೆ ಇಣುಕಿ, "ಅಣ್ಣ ಇಲ್ವಾ?" ಎನ್ನುತ್ತಾರೆ. "ಇಲ್ಲ, ಊಟಕ್ಕೆ ಹೋಗಿದ್ದಾನೆ, ಅಷ್ಟರೊಳಗೆ ನಾನೇ ಮಾಡಿಕೊಡ್ತೀನಿ" ಎಂದು ಅಕ್ಕ ಗಂಭೀರವಾಗಿ ಹೇಳಿ, ಅವರೆದುರೇ ಬಿಚ್ಚಿ ಜೋಡಿಸಿ ಕಳಿಸುತ್ತಾರೆ. ದಿನಕ್ಕೆ ನಾಲ್ಕೈದು ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಚಾರ್ಜರು. ಎಷ್ಟು ಸಿಕ್ಕರೆ ಅಷ್ಟಕ್ಕೆ ಮನೆ ನಡೆಯುತ್ತದೆ. ನಿಮಗೇನು ಬೇಕು ಎಂದು ಕೇಳಿದರೆ ಬಾಗಿಲಾಚೆ ಬೆರಳು ತೋರಿಸುತ್ತಾರೆ. "ಆ ಸಂದಿಗೆ ಅಡ್ಡವಾಗಿ ಯಾರೂ ಜಾಹೀರಾತಿನ ಬೋರ್ಡು ನಿಲ್ಲಿಸ್ದೇ ಇದ್ರೆ ಸಾಕಪ್ಪ."

ಬಿಸಿಲು ಬಂದಿದೆ. ಅಕ್ಕ ಬೋರ್ಡನ್ನು ಓರೆಯಾಗಿ ಹಿಡಿದು ಒಂದೊಂದೇ ಬೆಸುಗೆ ನೋಡುತ್ತಾರೆ. ಎಲ್ಲೂ ಹರಿದಿಲ್ಲ. ಪಕ್ಕಪಕ್ಕದ ಗೆರೆಗಳಿಗೆ ಮೀಟರಿನ ಕಡ್ಡಿ ಇಟ್ಟರೆ ಎಲ್ಲೂ ಶಾರ್ಟಿನ ಬೀಪ್ ಇಲ್ಲ. ವಿದ್ಯುತ್ ಕೊಟ್ಟರೆ ಹಾಡು ನೀಟಾಗಿ ಬರುತ್ತದೆ. ಹೋದ ಎರಡು ಸಲವೂ ಹೀಗೇ ಆಗಿದೆ. ಇಲ್ಲಿ ಹಾಡುತ್ತದೆ, ಮನೆಗೆ ಹೋದರೆ ಮುನಿಸಿಕೊಳ್ಳುತ್ತದೆ.

"ಡ್ರೈವರಣ್ಣ, ಮನೇಲಿ ಇದನ್ನ ಯಾವ ಡಬ್ಬಿಗೆ ಹಾಕ್ತೀರಿ?"

"ಅದು... ಒಂದು ತಗಡಿನ ಡಬ್ಬಿ."

"ಅದನ್ನ ಯಾಕೆ ತರಲ್ಲ?"

ಡ್ರೈವರಣ್ಣ ತಲೆ ಕೆರೆದುಕೊಳ್ಳುತ್ತಾರೆ. ಕೊನೆಗೆ ಬಾಯಿ ಬಿಡುತ್ತಾರೆ. ಅದು ಹೆಂಡತಿಯ ಗುಂಡಿ ಡಬ್ಬಿ. ಆಕೆಗೆ ಹೇಳದೆ ಗುಂಡಿಗಳನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಎರಡು ತೂತು ಕೊರೆದು, ಕಪ್ಪು ಬಣ್ಣ ಬಳಿದಿದ್ದಾರೆ. ಆಕೆ ಮನೆಯೆಲ್ಲ ಹುಡುಕುತ್ತಿದ್ದಾರೆ. ಹೊತ್ತುಕೊಂಡು ಬೀದಿಯಲ್ಲಿ ಬಂದರೆ ಗುಟ್ಟು ರಟ್ಟಾಗುತ್ತದಲ್ಲ! ಅದಕ್ಕೇ ಪ್ರತಿ ಸಲವೂ ಎಲ್ಲವನ್ನೂ ಬಿಚ್ಚಿ, ಬೋರ್ಡನ್ನಷ್ಟೇ ತರುತ್ತಿದ್ದರು.

ಅಕ್ಕನಿಗೆ ನಗು ತಡೆಯಲಾಗುವುದಿಲ್ಲ. "ರೋಗಿನ ಮನೇಲಿ ಬಿಟ್ಟು ಅವನ ಅಂಗಿ ತಗೊಂಡು ಡಾಕ್ಟರ ಹತ್ರ ಬಂದಂಗಾಯ್ತು. ಹೋಗಿ, ಡಬ್ಬಿ ಸಮೇತ ತನ್ನಿ."

ಡಬ್ಬಿ ಬರುತ್ತದೆ. ಅದರ ಹಿಂದೆಯೇ ಡಬ್ಬಿಯ ಒಡತಿಯಾದ ಆ ಅಮ್ಮನೂ, ಕೈಯಲ್ಲಿ ಗುಂಡಿಯ ಚೀಲ ಹಿಡಿದು, ಮುಖ ಕೆಂಪಗೆ ಮಾಡಿಕೊಂಡು ಬರುತ್ತಾರೆ. ಡ್ರೈವರಣ್ಣ ಮನೆ ಬಾಗಿಲಲ್ಲೇ ಸಿಕ್ಕಿಬಿದ್ದಿದ್ದಾರೆ.

ಅಕ್ಕ ಎಲ್ಲವನ್ನೂ ಡಬ್ಬಿಗೆ ಕೂರಿಸಿ, ತಿರುಪು ಬಿಗಿದು, ಅಡಾಪ್ಟರ್ ಚುಚ್ಚುವ ಸಾಕೆಟ್ಟಿನ ಲೋಹದ ಕುತ್ತಿಗೆಗೂ ಹೆಡ್‌ಫೋನ್ ಸಾಕೆಟ್ಟಿನ ಕುತ್ತಿಗೆಗೂ ಮೀಟರ್ ಹಿಡಿಯುತ್ತಾರೆ. ಮೀಟರ್ ಉದ್ದಕ್ಕೆ ಕೂಗಿಕೊಳ್ಳುತ್ತದೆ. ಈ ಸರ್ಕ್ಯೂಟಿನಲ್ಲಿ ಅವೆರಡೂ ಒಂದನ್ನೊಂದು ಮುಟ್ಟಲೇಬಾರದು. ಗಾಳಿಯಲ್ಲಿ ನೇತಾಡುವಾಗ ಮುಟ್ಟುವುದಿಲ್ಲ. ತಗಡಿಗೆ ಬಿಗಿದ ತಕ್ಷಣ ತಗಡೇ ಎರಡಕ್ಕೂ ಸೇತುವೆ. ಶಾರ್ಟ್ ಇರುವುದು ಡಬ್ಬಿಯಲ್ಲಿ.

ಮರುಕ್ಷಣವೇ ಅಕ್ಕ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಸರ್ಕ್ಯೂಟಿನ ನಕ್ಷೆಯಲ್ಲಿ ಹೆಡ್‌ಫೋನಿಗೆ ತೋರಿಸಿದ್ದದ್ದು ಪ್ಲಾಸ್ಟಿಕ್ ಸಾಕೆಟ್ಟು. ಡ್ರೈವರಣ್ಣ ಬಿಡಿಭಾಗ ಕೊಳ್ಳಲು ಬಂದಾಗ, "ಅದು ಬೇಗ ಮುರಿಯುತ್ತೆ, ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ" ಎಂದು ಲೋಹದ್ದನ್ನು ಕೊಟ್ಟವರು ಬೇರೆ ಯಾರೂ ಅಲ್ಲ. "ಕಳ್ಳನ್ನ ಬೋರ್ಡಲ್ಲೆಲ್ಲಾ ಹುಡುಕಿದೆ. ಒಳಗೆ ಬಿಟ್ಟೋಳು ನಾನೇ" ಎಂದು ಹಣೆ ಚಚ್ಚಿಕೊಂಡರೂ ಅವರ ಮುಖದಲ್ಲಿ ಎದೆಯ ಭಾರ ಇಳಿದ ಕಳೆಯಿದೆ. ಮೂರು ಸಲ ಕಾಡಿದ್ದಕ್ಕೆ ಒಂದು ಹೆಸರು ಸಿಕ್ಕಿದೆ.

ಸಾಕೆಟ್ಟಿಗೂ ತಗಡಿಗೂ ನಡುವೆ ವಿದ್ಯುತ್ ಹರಿಯದಂಥದ್ದೇನಾದರೂ ಬೇಕು. ಪ್ಲಾಸ್ಟಿಕ್ ಸಾಕೆಟ್ಟು ಖಾಲಿಯಾಗಿದೆ. ಅಕ್ಕ ಡ್ರಾಯರ್ ತಡಕುತ್ತಾರೆ. ಎವೆಯಿಕ್ಕದೆ ಅವರ ಕೈಯನ್ನೇ ನೋಡುತ್ತಿದ್ದ ಅಮ್ಮ, ಕೇಳದಿದ್ದರೂ ಅರ್ಥ ಮಾಡಿಕೊಂಡು, ಚೀಲಕ್ಕೆ ಕೈ ಹಾಕಿ ಕೋಟಿನ ಎರಡು ಪ್ಲಾಸ್ಟಿಕ್ ಗುಂಡಿ ಹೊರತೆಗೆಯುತ್ತಾರೆ.

"ದಪ್ಪದ್ದು ಬೇಡ, ಈ ತೆಳ್ಳಗಿರೋದು ತಗೋ" ಎನ್ನುವ ಅಮ್ಮನ ದನಿ ಗೂಡಿನಲ್ಲಿ ಗುಡುಗುತ್ತದೆ.

ಅಕ್ಕ ಒಂದೊಂದು ಗುಂಡಿಯ ನಟ್ಟನಡುವೆ ತೂತು ಕೊರೆಯುತ್ತಾರೆ, ತಗಡಿನ ತೂತನ್ನು ಅರದಿಂದ ಉಜ್ಜಿ ಸ್ವಲ್ಪ ಅಗಲ ಮಾಡುತ್ತಾರೆ. ಒಳಗೊಂದು ಗುಂಡಿ, ಹೊರಗೊಂದು ಗುಂಡಿ, ನಡುವೆ ತಗಡಿಗೆ ತಾಗದೆ ಸಾಕೆಟ್ಟು. ಈಗ ಮೀಟರ್ ಕಮಕ್ ಕಿಮಕ್ ಎನ್ನುವುದಿಲ್ಲ. ಅಕ್ಕ ಮುಚ್ಚಳ ಹಾಕಿ, ರೇಡಿಯೊಗೆ ಜೋಡಿಸಿ, ಅಮ್ಮನ ತಲೆಗೆ ಹೆಡ್‌ಫೋನ್ ಇಡುತ್ತಾರೆ. ಡ್ರೈವರಣ್ಣ ಸದ್ದಿನ ತಿರುಗಣೆಯನ್ನು ಕೊನೆಯವರೆಗೂ ತಿರುಗಿಸುತ್ತಾರೆ.

ಅಮ್ಮನ ಮುಖ ಅಲ್ಲಾಡುವುದಿಲ್ಲ. ಡ್ರೈವರಣ್ಣ ಕಣ್ಣು ಮುಚ್ಚಿಕೊಳ್ಳುತ್ತಾರೆ.

"ಅಯ್ಯಯ್ಯೋ, ಕಡಿಮೆ ಮಾಡ್ರೀ! ಕಿವಿ ಕಿತ್ತುಹೋಗುತ್ತೆ!"

ಡ್ರೈವರಣ್ಣನಿಗೆ ಹೋದ ಜೀವ ಬಂದಂತಾಗುತ್ತದೆ. ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಾ, "ಕಡಿಮೆ ಮಾಡಿ ಅಂದ್ಲಕ್ಕಾ, ಕೇಳಿಸ್ತಾ?" ಎನ್ನುತ್ತಾರೆ.

"ಇಡೀ ಬೀದಿಗೇ ಕೇಳಿಸ್ತು."

ಅವರಿಬ್ಬರೂ ಹೋದ ಮೇಲೆ ಬಿಸಿಲು ಮೇಜು ಬಿಟ್ಟು ನೆಲಕ್ಕಿಳಿದಿದೆ. ಅಮ್ಮ "ಮುಂದಿನೋರಿಗೆ ಇರಲಿ" ಎಂದು ಇನ್ನೆರಡು ಗುಂಡಿ ಇಟ್ಟುಹೋಗಿದ್ದಾರೆ. ಅಕ್ಕ ಅವನ್ನು ತಿರುಪುಗಳ ಜೊತೆ ಸೇರಿಸಿ, ಬಲ್ಬು ಹಾಕಿ, ಸರದಿಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಎಳೆದುಕೊಳ್ಳುತ್ತಾರೆ.

"ಇಷ್ಟು ವರ್ಷದಲ್ಲಿ ಈ ಬಾಗಿಲಿಗೆ 'ಜೋರಾಗಿ ಕೇಳ್ತಿಲ್ಲ' ಅಂತ ಬಂದೋರೇ ಎಲ್ಲ" ಎನ್ನುತ್ತಾರೆ, ತಲೆ ಎತ್ತದೆ. "ಕಡಿಮೆ ಮಾಡಿ ಅಂತ ಬೈಸ್ಕೊಂಡಿದ್ದು ಇವತ್ತೇ."