ಸ್ವೆಟರಿನೊಳಗಿನ ದ್ರಾಕ್ಷಾರಿಷ್ಟ

“ಅಜ್ಜೀ, ಇದ್ರಲ್ಲಿ ಆಲ್ಕೋಹಾಲ್ ಇದೆ! ನನ್ನ ಸ್ಯಾಕ್ ಮಾಡ್ತಾರೆ!”

ಸೂಟ್‌ಕೇಸಿನಲ್ಲಿ ಸ್ವೆಟರಿನೊಳಗೆ ನಾನು ಸುತ್ತಿಟ್ಟಿದ್ದ ದ್ರಾಕ್ಷಾರಿಷ್ಟದ ಬಾಟಲಿಯ ಲೇಬಲ್ ಓದಿ ಮೊಮ್ಮಗಳು ಮಾನಸಿ ಕಿರುಚಿದಳು. ಮರುದಿನ ಅವಳು ಲಂಡನ್ನಿನ ಕೆಂಟನ್‌ನಲ್ಲಿರುವ ನಮ್ಮ ಮನೆಯಿಂದ ಅಮೆರಿಕದ ಸಮ್ಮರ್ ಕ್ಯಾಂಪಿಗೆ ಹೊರಡುವವಳು, ಮಕ್ಕಳಿಗೆ ಈಜು ಕಲಿಸುವ ಕೆಲಸಕ್ಕೆ. ಹತ್ತು ವಾರ! ಡಾಕ್ಟರ್ ಅಪ್ಪ ಅಮ್ಮ ಡ್ಯೂಟಿಯಲ್ಲಿದ್ದಾಗಲೆಲ್ಲ ಅವಳನ್ನು ನೋಡಿಕೊಂಡವಳು ನಾನು. ಕೆಮ್ಮು ಬಂದರೆ ಇದೇ ಎರಡು ಚಮಚ ಕೊಡುತ್ತಿದ್ದೆ. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ವೈನ್ ಗ್ಲಾಸನ್ನು ಕೈಯಲ್ಲೂ ಹಿಡಿಯದ ನನಗೆ ಅದು ಬರೀ ಔಷಧಿ.

ಮಾನಸಿ ಫೋನಿನಲ್ಲಿ ರೂಲ್ಸ್ ತೋರಿಸಿದಳು. ಹತ್ತೊಂಬತ್ತರ ಅವಳು ಇಲ್ಲಿ ಪಬ್ಬಿಗೆ ಹೋಗಬಹುದು, ಅಲ್ಲಿ ಇಪ್ಪತ್ತೊಂದಾಗಬೇಕು. ಕ್ಯಾಂಪಿನ ಸಿಬ್ಬಂದಿಯ ಬಳಿ ಒಂದು ತೊಟ್ಟು ಸಿಕ್ಕಿದರೂ ಮುಂದಿನ ವಿಮಾನದಲ್ಲೇ ಮನೆಗೆ ವಾಪಸ್ಸು.

“ನಿನ್ನ ಕಾನ್ವೆಂಟ್ ನನ್ಸ್‌ಗಿಂತ ಸ್ಟ್ರಿಕ್ಟ್, ಅಜ್ಜಿ” ಎಂದು ನಕ್ಕು, ಬಾಟಲಿಯನ್ನು ನನ್ನ ಕೈಗಿತ್ತು, ಟವೆಲ್ ತರಲು ಮೇಲೆ ಹೋದಳು.

ಸೂಟ್‌ಕೇಸ್ ತೆರೆದೇ ಇತ್ತು. ಮನೆಗೆ ವಾಪಸ್ಸು. ಆ ಮಾತು ಎಷ್ಟು ಹಿತವಾಗಿತ್ತು! ಬಾಟಲಿಯನ್ನು ಮತ್ತೆ ಸ್ವೆಟರಿನೊಳಗೆ ತಳ್ಳಿದೆ. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿಸಿತು. ನಾಚಿಕೆಯಾಗಿ ಹೊರತೆಗೆದೆ.

ಅವಳು ಹೋಗಿ ಮೂರು ವಾರವಾಯಿತು. ಫೋನಿನಲ್ಲಿ “ಐ ಲವ್ ಇಟ್ ಹಿಯರ್” ಎನ್ನುತ್ತಾಳೆ. “ಗುಡ್, ಪುಟ್ಟಿ” ಎನ್ನುತ್ತೇನೆ. ಆ ಅರೆಗಳಿಗೆಯ ವಿಷಯ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಇಲ್ಲಿ ಧೈರ್ಯವಾಗಿ ಬರೆದಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ.